ಬಣದ ಬಾವುಟ ಆಮೇಲೆ, ಮೊದಲು ಲೆಕ್ಕದ ಪುಸ್ತಕ ತೋರಿಸಿ

ಪ್ರಶ್ನೆ: ನಾನು ಮೊದಲು ಫಾಲ್‌ಔಟ್ 4 ಆಡಿದೆ, ಆಮೇಲೆ ಫಾಲ್‌ಔಟ್: ನ್ಯೂ ವೇಗಸ್. ಎರಡರಲ್ಲೂ ಕೊನೆಗೆ ನಾಲ್ಕು ದಾರಿ. ಮೊದಲನೆಯದರಲ್ಲಿ ಯಾವ ಬಣ ಸೇರಿದರೂ ಒಂದೇ ಅನ್ನಿಸಿತು. ಎರಡನೆಯದರಲ್ಲಿ ಮಾತ್ರ ಕೊನೆಯ ನಿರ್ಧಾರಕ್ಕೆ ಮುಂಚೆ ಎರಡು ದಿನ ಗೇಮ್ ಮುಟ್ಟದೆ ಯೋಚಿಸುತ್ತಾ ಕೂತಿದ್ದೆ. ಯಾಕೆ ಹೀಗೆ? ಕೇಳಲು ಕಾರಣವಿದೆ. ನಾವು ಮೂವರು ಗೆಳೆಯರು ಸೇರಿ ಚಿಕ್ಕ ಗೇಮ್ ಮಾಡುತ್ತಿದ್ದೇವೆ. ಜಗತ್ತು ಹಾಳಾದ ಮೇಲಿನ ಕಥೆ, ಮೂರು ಬಣ. ಬಣಗಳ ಚರಿತ್ರೆ, ಸಿದ್ಧಾಂತ ಎಲ್ಲ ಬರೆದಾಗಿದೆ, 40 ಪುಟ. ಆದರೆ ಕ್ವೆಸ್ಟ್, ಅಂದರೆ ಆಟಗಾರನಿಗೆ ಕೊಡುವ ಕೆಲಸ, ಬರೆಯಲು ಕೂತರೆ ‘ಹೋಗು, ಹೊಡಿ, ವಾಪಸ್ ಬಾ’ ಅಂತಲೇ ಆಗುತ್ತದೆ. ಎಲ್ಲಿ ಎಡವುತ್ತಿದ್ದೇವೆ?
(ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ನಿಮ್ಮ 40 ಪುಟದಲ್ಲಿ ಒಂದು ವಿಷಯ ಹುಡುಕಿ ನೋಡಿ. ಆ ಮೂರು ಬಣದವರು ಇವತ್ತು ಬೆಳಿಗ್ಗೆ ಏನು ತಿಂದರು? ಅದು ಎಲ್ಲಿಂದ ಬಂತು? ಯಾರ ಗಂಟಿನಿಂದ ಹೋಯಿತು? ಇದಕ್ಕೆ ಉತ್ತರ ಸಿಗದಿದ್ದರೆ ನೀವು ಎಡವಿದ್ದು ಅಲ್ಲೇ.

ನಾನೂ ಅಲ್ಲೇ ಎಡವಿದವನು. ಕ್ವೆಸ್ಟ್ ಬರೆಯುವ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಸಣ್ಣ ಕಂಪನಿಗೆ ಮೂರು ಬಣ ಬರೆದುಕೊಟ್ಟೆ. ಬಾವುಟ, ಘೋಷಣೆ, ಸಂಸ್ಥಾಪಕನ ಭಾಷಣ, ಏನು ಬೇಕೋ ಎಲ್ಲ ಇತ್ತು. ಟೆಸ್ಟಿಂಗ್ ಮಾಡುತ್ತಿದ್ದ ಹುಡುಗಿ ಎರಡು ಗಂಟೆ ಆಡಿ ಹೆಡ್‌ಫೋನ್ ತೆಗೆದು ಕೇಳಿದಳು: “ಸರ್, ಇವರಿಗೆಲ್ಲ ಗುಂಡು ಯಾರು ಕೊಡ್ತಾರೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಯಾವ ಗೇಮ್ ಆಡಿದರೂ ನಾನು ಮೊದಲು ನೋಡುವುದು ಬಣದ ಲೆಕ್ಕದ ಪುಸ್ತಕವನ್ನು.

ಮುಂದೆ ಕಥೆಗಳನ್ನು ಬಿಚ್ಚಿಟ್ಟೇ ಮಾತಾಡುತ್ತೇನೆ. ಎಲ್ಲ ಅಣುಯುದ್ಧದಲ್ಲಿ ಹಾಳಾದ ಜಗತ್ತಿನ ಹಳೆಯ ಗೇಮ್‌ಗಳು, ಆಡದೆ ಇರುವವರು ಕ್ಷಮಿಸಬೇಕು.

ನ್ಯೂ ವೇಗಸ್‌ನ ನೋವ್ಯಾಕ್ ಊರು ನೆನಪಿದೆಯಲ್ವಾ? ಹೆದ್ದಾರಿ ಪಕ್ಕ ಒಂದು ಮೋಟೆಲ್, ಅದರ ಮುಂದೆ ದೊಡ್ಡ ಡೈನೋಸಾರ್ ಬೊಂಬೆ. ಬೊಂಬೆಯ ಬಾಯೊಳಗೆ ರಾತ್ರಿ ಪಾಳಿಯಲ್ಲಿ ಬಂದೂಕು ಹಿಡಿದು ಕೂತಿರುವವನು ಬೂನ್. ಅವನ ಹೆಂಡತಿ ಕಾರ್ಲಾಳನ್ನು ಲೀಜನ್ ಅನ್ನುವ ಸೈನಿಕ ಬಣದವರು ಗುಲಾಮಳಾಗಿ ಎತ್ತಿಕೊಂಡು ಹೋಗಿದ್ದಾರೆ. ಊರಿನ ಯಾರೋ ಒಬ್ಬರು ಅವಳನ್ನು ಮಾರಿದ್ದಾರೆ ಎಂಬುದು ಅವನಿಗೆ ಗೊತ್ತು. ಯಾರು ಅಂತ ಗೊತ್ತಿಲ್ಲ. ನಿಮಗೆ ತನ್ನ ಕೆಂಪು ಟೋಪಿ ಕೊಟ್ಟು ಹೇಳುತ್ತಾನೆ: ಆ ಮನುಷ್ಯನನ್ನು ಪತ್ತೆ ಮಾಡಿ ರಾತ್ರಿ ಈ ಬೊಂಬೆಯ ಮುಂದೆ ಕರೆದುಕೊಂಡು ಬಾ, ಟೋಪಿ ಹಾಕಿಕೋ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಊರಲ್ಲಿ ತಿರುಗಾಡುತ್ತೀರಿ. ಎಲ್ಲರೂ ಒಳ್ಳೆಯವರ ಥರವೇ ಕಾಣುತ್ತಾರೆ. ಮೋಟೆಲ್ ಲಾಬಿಯಲ್ಲಿ ಒಂದು ತಿಜೋರಿ ಇದೆ. ತೆಗೆದರೆ ಒಂದು ಚೀಟಿ ಸಿಗುತ್ತದೆ. ಕ್ರಯಪತ್ರ. ಕಾರ್ಲಾಳಿಗೆ 1000 ಬಾಟಲಿ ಮುಚ್ಚಳ, ಆ ಜಗತ್ತಿನ ದುಡ್ಡು ಅದೇ. ಹೊಟ್ಟೆಯಲ್ಲಿರುವ ಕೂಸಿಗೆ ಬೇರೆ 500, ಅದೂ ಕೂಸು ಸರಿಯಾಗಿ ಬೆಳೆದರೆ ಮಾತ್ರ. ಮಾರಿದವಳ ಹೆಸರು ಜೀನಿ ಮೇ ಕ್ರಾಫರ್ಡ್. ಮೋಟೆಲ್ ನಡೆಸುವ, ಬಂದವರನ್ನು ಬಾಯಿ ತುಂಬ ಮಾತಾಡಿಸುವ ಆ ಅಜ್ಜಿ.

ಈ ಚೀಟಿಯನ್ನು ನಾನು ಕ್ವೆಸ್ಟ್ ಬರೆಯುವ ಹುಡುಗರಿಗೆ ಮತ್ತೆ ಮತ್ತೆ ತೋರಿಸುತ್ತೇನೆ. ಅಲ್ಲಿ ಲೀಜನ್‌ನ ಒಬ್ಬ ಸೈನಿಕನೂ ಇಲ್ಲ. ಭಾಷಣ ಇಲ್ಲ. ಆದರೆ ಆ ಬಣ ಎಂಥದ್ದು ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಕ್ರೂರರು ಅನ್ನುವುದು ಎಲ್ಲರಿಗೂ ತಿಳಿದದ್ದೇ. ಕ್ರೂರತನಕ್ಕೆ ರಶೀದಿ ಬರೆಯುವವರು, ಹುಟ್ಟದ ಕೂಸಿಗೂ ಷರತ್ತು ಹಾಕುವವರು ಅನ್ನುವುದು ಈ ಚೀಟಿಯಿಂದ ತಿಳಿಯುತ್ತದೆ. ಜೊತೆಗೆ ಊರೊಳಗಿನ ಮನುಷ್ಯರಿಗೂ ಆ ಬಣಕ್ಕೂ ಇರುವ ವ್ಯವಹಾರ ಬಯಲಾಗುತ್ತದೆ. ಇನ್ನೊಂದು ಮಾತು. ಚೀಟಿ ಹುಡುಕದೆ ಸುಮ್ನೆ ಯಾರೋ ಒಬ್ಬ ಅಮಾಯಕನನ್ನು ಕರೆದುಕೊಂಡು ಹೋಗಿ ಟೋಪಿ ಹಾಕಿಕೊಂಡರೂ ಬೂನ್ ಗುಂಡು ಹಾರಿಸುತ್ತಾನೆ. ಗೇಮ್ ನಿಮ್ಮನ್ನು ತಡೆಯುವುದಿಲ್ಲ. ನಾನು ಮೊದಲ ಸಲ ಆಡುವಾಗ ಚೀಟಿ ಸಿಕ್ಕ ಮೇಲೂ ಆ ಅಜ್ಜಿಯ ಹಿಂದೆ ಮುಂದೆ ನಾಲ್ಕು ಸಲ ಓಡಾಡಿದ್ದೆ, ಟೋಪಿ ಹಾಕಲು ಕೈ ಬಂದಿರಲಿಲ್ಲ.

ಇದನ್ನೇ ನೀವು ‘ಹೋಗು, ಹೊಡಿ, ಬಾ’ ಅಂದದ್ದು ನೋಡಿ. ನೋವ್ಯಾಕ್‌ನ ಕ್ವೆಸ್ಟ್ ಕೂಡ ಬಿಡಿಸಿದರೆ ಅಷ್ಟೇ: ಒಬ್ಬರನ್ನು ಹುಡುಕು, ಕೊಲ್ಲಿಸು. ಎಲುಬು ನಿಮ್ಮದೂ ಅದೇ, ಅವರದೂ ಅದೇ. ನಡುವೆ ಒಂದು ಚೀಟಿ ಇದೆ, ಅಷ್ಟೇ ವ್ಯತ್ಯಾಸ.

ಈಗ ನೀರಿನ ವಿಷಯ. ನ್ಯೂ ವೇಗಸ್‌ನ ದೊಡ್ಡ ಜಗಳವೇ ಹೂವರ್ ಅಣೆಕಟ್ಟಿನದು. ನ್ಯೂ ಕ್ಯಾಲಿಫೋರ್ನಿಯಾ ರಿಪಬ್ಲಿಕ್‌ಗೆ, ಅಂದರೆ ಎನ್‌ಸಿಆರ್‌ಗೆ, ಅದರ ಕರೆಂಟೂ ಬೇಕು, ನೀರೂ ಬೇಕು. ಲೀಜನ್‌ಗೆ ಆ ನದಿ ದಾಟಬೇಕು. ವೇಗಸ್ ಊರನ್ನು ಆಳುವ ಮಿಸ್ಟರ್ ಹೌಸ್‌ದು ಇನ್ನೂ ಮಜಾ ಇದೆ. ಎನ್‌ಸಿಆರ್ ಸೈನ್ಯ ಊರು ಬಿಟ್ಟು ಹೋಗಬೇಕು, ಆದರೆ ಎನ್‌ಸಿಆರ್‌ನ ಪ್ರವಾಸಿಗಳು ಮಾತ್ರ ಬರುತ್ತಲೇ ಇರಬೇಕು, ಯಾಕೆಂದರೆ ಅವನ ಕ್ಯಾಸಿನೊಗಳು ನಡೆಯುವುದು ಅವರ ದುಡ್ಡಿನಿಂದ. ಶತ್ರುವೂ ಅವರೇ, ಗಿರಾಕಿಯೂ ಅವರೇ. ಇಂಥ ಒಂದು ಗಂಟು ಸಿಕ್ಕರೆ ಹತ್ತು ಕ್ವೆಸ್ಟ್ ತಾನಾಗಿ ಬರುತ್ತದೆ.

ದೊಡ್ಡ ಜಗಳ ಕೆಳಗೆ ಹರಿದು ಸಣ್ಣ ಜಗಳ ಆಗುವುದನ್ನು ನೋಡಲು ‘ದ ವೈಟ್ ವಾಶ್’ ಅನ್ನುವ ಸೈಡ್ ಕ್ವೆಸ್ಟ್ ಆಡಿ. ಎನ್‌ಸಿಆರ್‌ನ ಗೇಣಿ ಹೊಲಗಳಿಗೆ ನೀರು ಕಡಿಮೆ ಬರುತ್ತಿದೆ. ಯಾಕೆ ಎಂದು ನೋಡಲು ಹೋದ ಕಾರ್ಪೊರಲ್ ವೈಟ್ ಕಾಣೆಯಾಗಿದ್ದಾನೆ. ಜಾಡು ಹಿಡಿದು ಹೋದರೆ ಬಡವರ ಕೇರಿಯಾದ ವೆಸ್ಟ್‌ಸೈಡ್‌ಗೆ ತಲುಪುತ್ತೀರಿ. ಅಲ್ಲಿ ಟಾಮ್ ಆ್ಯಂಡರ್ಸನ್ ಅನ್ನುವವನು ನೀರನ್ನು ಗುಟ್ಟಾಗಿ ತಿರುಗಿಸಿ ಕೇರಿಯ ಸಹಕಾರಿ ಬೇಸಾಯಕ್ಕೆ ಹರಿಸುತ್ತಿದ್ದಾನೆ. ವೈಟ್‌ಗೆ ವಿಷಯ ತಿಳಿಯಿತು. ಆ್ಯಂಡರ್ಸನ್ ಅವನನ್ನು ಕೊಂದ. ಈಗ ನೀವು ಏನು ಮಾಡುತ್ತೀರಿ? ಆ್ಯಂಡರ್ಸನ್ ಕಳ್ಳ, ಕೊಲೆಗಾರ. ಅವನು ಕದ್ದ ನೀರಿನಿಂದ ಒಂದು ಕೇರಿ ಉಣ್ಣುತ್ತಿದೆ. ಅವನನ್ನು ಶರಣಾಗಲು ಒಪ್ಪಿಸಬಹುದು, ಕೊಲ್ಲಬಹುದು. ಇಲ್ಲವೇ ಎನ್‌ಸಿಆರ್ ಅಧಿಕಾರಿಯ ಮುಂದೆ ನಿಂತು, ಕೊಂದದ್ದು ಸ್ಕಾರ್ಪಿಯನ್ಸ್ ಗ್ಯಾಂಗ್ ಅಂತ ಸುಳ್ಳು ಹೇಳಬಹುದು. ನಾಲೆಯ ಕೊನೆಭಾಗದಲ್ಲಿ ಹೊಲ ಇರುವ ನಮ್ಮ ಕಡೆಯ ಯಾರಿಗಾದರೂ ಈ ಕ್ವೆಸ್ಟ್ ಆಡಲು ಕೊಡಿ. ತೂಬಿನ ಹತ್ತಿರ ರಾತ್ರಿ ಕಾವಲು ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ ಗೇಣಿ ಹೊಲಗಳಿಗೆ ಇನ್ನೊಂದು ಕಾಟ ಇದೆ, ವಾಲ್ಟ್ 34 ಅನ್ನುವ ನೆಲದಡಿಯ ಆಶ್ರಯತಾಣದಿಂದ ಸೋರುವ ವಿಕಿರಣ. ವಾಲ್ಟ್‌ನ ಒಳಗೆ ಜನ ಸಿಕ್ಕಿಹಾಕಿಕೊಂಡಿದ್ದಾರೆ. ಸೋರಿಕೆ ಮುಚ್ಚಿದರೆ ಹೊಲ ಉಳಿಯುತ್ತದೆ, ಒಳಗಿನವರು ಸಾಯುತ್ತಾರೆ. ಅವರನ್ನು ಬಿಡಿಸಿದರೆ ಹೊಲ ಹಾಳು. ಇದು ನನಗೆ ಅಷ್ಟು ಹಿಡಿಸಲಿಲ್ಲ. ತಕ್ಕಡಿ ತೀರಾ ಅಳತೆ ಮಾಡಿ ಇಟ್ಟ ಹಾಗಿದೆ, ಬರೆದವರ ಕೈ ಕಾಣುತ್ತದೆ.

ಇನ್ನು ಫಾಲ್‌ಔಟ್ 4. 2015ರ ಗೇಮ್, ಬೆಥೆಸ್ಡಾದವರದು. ಇದರ ಬಗ್ಗೆ ಎಲ್ಲರೂ ಹೇಳುವ ದೂರು ನಿಮಗೂ ಗೊತ್ತು. ಮಿನಿಟ್‌ಮೆನ್ ಬಣದ ಪ್ರೆಸ್ಟನ್ ಗಾರ್ವಿ ಎದುರು ಹೋದಾಗಲೆಲ್ಲ ಇನ್ನೊಂದು ಊರಿಗೆ ಸಹಾಯ ಬೇಕು ಅನ್ನುತ್ತಾನೆ, ಮಾತಾಡಲು ಪ್ರತಿ ಸಲ ನಾಲ್ಕೇ ಆಯ್ಕೆ. ಇವೆಲ್ಲ ನಿಜ. ಆದರೆ ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ.

ಈ ಗೇಮ್‌ನಲ್ಲಿ ಲೆಕ್ಕದ ಪುಸ್ತಕ ನಿಜವಾಗಿಯೂ ಇದೆ! ಪ್ರತಿ ನೆಲೆಯಲ್ಲೂ ಎಷ್ಟು ಜನ, ಎಷ್ಟು ಆಹಾರ, ಎಷ್ಟು ನೀರು, ಎಷ್ಟು ಹಾಸಿಗೆ ಅಂತ ಅಂಕಿಗಳು ಪರದೆಯ ಮೇಲೆಯೇ ಕಾಣುತ್ತವೆ. ನೀವೇ ಜೋಳ ನೆಟ್ಟು, ಪಂಪ್ ಹಾಕಿ, ಜನ ಕೂಡಿಸಿದ ಊರುಗಳು ಅವು. ನಾಲ್ಕು ಬಣಗಳ ಜಗಳ ಆ ಅಂಕಿಗಳ ಮೇಲೆ ಬೀಳಬೇಕಿತ್ತು. ಬೀಳುವುದಿಲ್ಲ. ಒಂದೇ ಒಂದು ಕಡೆ ಹತ್ತಿರ ಬರುತ್ತದೆ: ಬ್ರದರ್‌ಹುಡ್ ಅನ್ನುವ ಸೈನಿಕ ಬಣದ ಟೀಗನ್, ಪಡೆಗೆ ಊಟ ಬೇಕು, ಊರಿಗೆ ಹೋಗಿ ಬೆಳೆ ತಾ ಅನ್ನುತ್ತಾನೆ. ದುಡ್ಡು ಕೊಟ್ಟು ತರಬಹುದು, ಹೆದರಿಸಿಯೂ ತರಬಹುದು. ಆಕಾಶದಲ್ಲಿ ಅಷ್ಟು ದೊಡ್ಡ ಹಡಗು ತೇಲಿಸಿಕೊಂಡು ಬಂದ ಸೈನ್ಯ ಬಡ ರೈತನ ಜೋಳಕ್ಕೆ ಕೈ ಹಾಕುತ್ತಿದೆ! ಇದೇ ಮುಖ್ಯ ಕಥೆ ಆಗಬೇಕಿತ್ತು. ಆದರೆ ಇದನ್ನು ಮತ್ತೆ ಮತ್ತೆ ಬರುವ ಪುಡಿ ಕೆಲಸ ಮಾಡಿ ಬಿಟ್ಟಿದ್ದಾರೆ. ಯಾರೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಇನ್‌ಸ್ಟಿಟ್ಯೂಟ್ ಇನ್ನೂ ಕಷ್ಟ. ನೆಲದಡಿ ಕೂತ ವಿಜ್ಞಾನಿಗಳು ಮೇಲಿನ ಜನರನ್ನು ಎತ್ತಿಕೊಂಡು ಹೋಗಿ ಅವರ ಜಾಗಕ್ಕೆ ಸಿಂತ್‌ಗಳನ್ನು, ಅಂದರೆ ಮನುಷ್ಯರಂತೆಯೇ ಕಾಣುವ ಯಂತ್ರಮಾನವರನ್ನು, ಬಿಡುತ್ತಾರೆ. ಯಾಕೆ? ಅದರಿಂದ ಅವರಿಗೆ ಏನು ಸಿಗುತ್ತದೆ? ಗೇಮ್ ಮುಗಿದರೂ ಮನಸ್ಸಿಗೆ ಒಪ್ಪುವ ಉತ್ತರ ಇಲ್ಲ. ಕೊನೆಗೆ ನಿಮ್ಮನ್ನೇ ಅದರ ಮುಖ್ಯಸ್ಥರನ್ನಾಗಿ ಮಾಡುತ್ತಾರೆ, ಆದರೂ ಸಿಂತ್‌ಗಳ ವಿಷಯದಲ್ಲಿ ಏನನ್ನೂ ಬದಲಾಯಿಸಲು ಬಿಡುವುದಿಲ್ಲ. ಉಳಿದ ಮೂರು ಬಣಗಳಲ್ಲಿ ಯಾವುದನ್ನು ಸೇರಿದರೂ ಕೊನೆಗೆ ಇನ್‌ಸ್ಟಿಟ್ಯೂಟ್‌ನ ರಿಯಾಕ್ಟರ್ ಸ್ಫೋಟಿಸುವುದೇ. ನಿಮಗೆ ಎಲ್ಲ ಒಂದೇ ಅನ್ನಿಸಿದ್ದರಲ್ಲಿ ತಪ್ಪಿಲ್ಲ.

ಆದರೆ ಇದೇ ತಂಡ ಮರುವರ್ಷ ಫಾರ್ ಹಾರ್ಬರ್ ಅನ್ನುವ ವಿಸ್ತರಣೆ ತಂದಿತು. ಅದನ್ನು ಆಡಿಲ್ಲದಿದ್ದರೆ ಇವತ್ತೇ ಆಡಿ. ಒಂದು ದ್ವೀಪ, ಅದರ ಮೇಲೆ ವಿಷದ ಮಂಜು. ಬಂದರಿನ ಮೀನುಗಾರರಿಗೆ ಮಂಜು ಅಂದರೆ ಸಾವು, ಅದನ್ನು ತಡೆಯುವ ಯಂತ್ರಗಳ ಹಿಂದೆ ಬದುಕುತ್ತಾರೆ. ಚಿಲ್ಡ್ರನ್ ಆಫ್ ಆ್ಯಟಮ್ ಪಂಥದವರಿಗೆ ಅದೇ ಮಂಜು ದೇವರ ಪ್ರಸಾದ. ನಡುವೆ ಅಕೇಡಿಯಾ, ಸಿಂತ್‌ಗಳ ಆಸರೆ, ಅದರ ಹಿರಿಯ ಡಿಮಾ. ಮೂರು ಬಣಕ್ಕೂ ಒಂದೇ ಮಂಜು. ಇಷ್ಟು ಸಾಕು, 40 ಪುಟ ಬೇಡ.

ಡಿಮಾ ಶಾಂತ ಸ್ವಭಾವದವನು. ಅವನ ಹಳೆಯ ನೆನಪುಗಳನ್ನು ಕೆದಕಿದಾಗ ಗೊತ್ತಾಗುತ್ತದೆ: ಬಂದರಿನ ನಾಯಕಿ ಏವರಿಯನ್ನು ಅವನು ಯಾವಾಗಲೋ ಕೊಂದು, ಅವಳ ಜಾಗಕ್ಕೆ ಸಿಂತ್ ಇಟ್ಟಿದ್ದಾನೆ, ಶಾಂತಿಗಾಗಿ. ನೀವು ಛೀ ಅನ್ನುತ್ತೀರಿ. ಆಮೇಲೆ ಅವನೇ ಒಂದು ಉಪಾಯ ಹೇಳುತ್ತಾನೆ. ಪಂಥದ ಗುರು ಟೆಕ್ಟಸ್ ಯುದ್ಧಕ್ಕೆ ತುದಿಗಾಲಲ್ಲಿ ನಿಂತಿದ್ದಾನೆ, ಅವನ ಜಾಗಕ್ಕೂ ಒಂದು ಸಿಂತ್ ಇಟ್ಟರೆ ಯಾರೂ ಸಾಯಬೇಕಾಗಿಲ್ಲ. ದೊಡ್ಡ ಗೇಮ್‌ನಲ್ಲಿ 60 ಗಂಟೆ ಯಾವುದನ್ನು ದ್ವೇಷಿಸಿದ್ದಿರೋ ಅದನ್ನೇ ಈಗ ನಿಮ್ಮ ಕೈಯಾರೆ ಮಾಡಬೇಕು. ಇನ್‌ಸ್ಟಿಟ್ಯೂಟ್ ಯಾಕೆ ಹಾಗೆ ಮಾಡುತ್ತಿತ್ತು ಎಂಬುದಕ್ಕೆ ಮೂಲ ಗೇಮ್ ಕೊಡದ ಉತ್ತರ ಇಲ್ಲಿ ಸಿಕ್ಕಿತು ಅಂತ ನನಗೆ ಅನ್ನಿಸಿತ್ತು.

ನೀವು ಕೇಳದ ಒಂದು ಹೆಸರನ್ನೂ ಸೇರಿಸುತ್ತೇನೆ, ವೇಸ್ಟ್‌ಲ್ಯಾಂಡ್ 2. 2014ರದು. ಶುರುವಿನಲ್ಲೇ ರೇಡಿಯೊದಲ್ಲಿ ಎರಡು ಕಡೆಯಿಂದ ಕೂಗು ಬರುತ್ತದೆ. ಹೈಪೂಲ್ ನೀರು ಕೊಡುವ ಊರು, ಆ್ಯಗ್ ಸೆಂಟರ್ ಆಹಾರ ಬೆಳೆಯುವ ಜಾಗ. ಒಂದಕ್ಕೆ ಹೋದರೆ ಇನ್ನೊಂದು ಉಳಿಯುವುದಿಲ್ಲ. ಹೋಗದೆ ಬಿಟ್ಟ ಊರಿನವರು ರೇಡಿಯೊದಲ್ಲಿ ಕರೆಯುತ್ತಲೇ ಇರುತ್ತಾರೆ. ನೀವು ಬೇರೆ ಕಡೆ ಗುಂಡು ಹಾರಿಸುತ್ತಿರುವಾಗ ಅವರ ದನಿ ನಿಲ್ಲುತ್ತದೆ. ಈ ಗೇಮ್‌ನ ಮುಂದಿನ ಭಾಗ ಕೆಲವೆಡೆ ಎಳೆದ ಹಾಗಿದೆ, ಆದರೆ ಆ ರೇಡಿಯೊ ಮರೆಯುವುದಿಲ್ಲ.

ಹಾಗೆ ನೋಡಿದರೆ ಇದು ಹೊಸ ವಿದ್ಯೆಯೂ ಅಲ್ಲ. 1997ರ ಮೊದಲ ಫಾಲ್‌ಔಟ್‌ನಲ್ಲಿ ನಿಮ್ಮ ವಾಲ್ಟ್‌ನ ನೀರಿನ ಚಿಪ್ ಕೆಟ್ಟಿದೆ, 150 ದಿನದಲ್ಲಿ ಹೊಸದು ತರಬೇಕು. ನೀರಿನ ವ್ಯಾಪಾರಿಗಳಿಗೆ ದುಡ್ಡು ಕೊಟ್ಟು ವಾಲ್ಟ್‌ಗೆ ನೀರು ಕಳಿಸಿದರೆ ಇನ್ನೂ 100 ದಿನ ಸಿಗುತ್ತದೆ. ಆದರೆ ನೀರು ಹೊತ್ತು ಹೋದವರಿಂದ ವಾಲ್ಟ್ ಎಲ್ಲಿದೆ ಎಂಬ ಗುಟ್ಟು ಹೊರಬೀಳುತ್ತದೆ.

ಫಾಲ್‌ಔಟ್ 3ರ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. 2008ರಲ್ಲಿ ಇದರ ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ಕೊಟ್ಟು ಮೈಕ್ರೋಸಾಫ್ಟ್ ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಯಾವ ವಿಷಯ ಅಂತ ಅವರು ಬಿಡಿಸಿ ಹೇಳಲಿಲ್ಲ. ಗೇಮ್‌ನಲ್ಲಿರುವ ಎರಡು ತಲೆಯ ಹಸುಗಳಿಗೆ ‘ಬ್ರಾಹ್ಮಿನ್’ ಅಂತ ಹೆಸರಿಟ್ಟಿದ್ದೇ ಇರಬೇಕು ಅಂತ ಎಲ್ಲರೂ ಊಹಿಸಿದರು. ಅದಿರಲಿ. ಅದರಲ್ಲಿ ಟೆನ್‌ಪೆನ್ನಿ ಟವರ್ ಅಂತ ಒಂದು ಕ್ವೆಸ್ಟ್ ಇದೆ. ಶ್ರೀಮಂತರ ಕಟ್ಟಡದೊಳಗೆ ವಿಕಿರಣದಿಂದ ಮೈ ಕೆಟ್ಟ ಗೂಲ್‌ಗಳಿಗೂ ಜಾಗ ಬೇಕು ಅಂತ ಅವರ ನಾಯಕ ರಾಯ್ ಫಿಲಿಪ್ಸ್ ಹೊರಗೆ ಕಾದಿದ್ದಾನೆ. ನೀವು ಕಷ್ಟಪಟ್ಟು ಎಲ್ಲರನ್ನೂ ಒಪ್ಪಿಸಿ ಒಳಗೆ ಬಿಡಿಸುತ್ತೀರಿ. ಕೆಲವು ದಿನ ಬಿಟ್ಟು ಬಂದು ನೋಡಿದರೆ ಹಳೆಯ ನಿವಾಸಿಗಳೆಲ್ಲ ಹೆಣ. ಕಥೆ ಅಂದರೆ ಇದು! ಆದರೆ ಸಿಟ್ಟಿಗೆದ್ದು ರಾಯ್‌ನನ್ನು ಕೊಂದರೆ ನಿಮ್ಮ ಕರ್ಮ, ಅಂದರೆ ಒಳ್ಳೆಯದು ಕೆಟ್ಟದ್ದಕ್ಕೆ ಗೇಮ್ ಹಾಕುವ ಅಂಕ, ಕಡಿಮೆಯಾಗುತ್ತದೆ. ಬರೆದವನು ಬುದ್ಧಿವಂತ, ಅಂಕ ಹಾಕುವ ಮೀಟರ್ ದಡ್ಡ.

ನ್ಯೂ ವೇಗಸ್ ಈ ಮೀಟರನ್ನು ಬದಿಗೆ ತಳ್ಳಿತು. ಕರ್ಮ ಇದೆ, ಕೆಲಸಕ್ಕೆ ಬರುವುದಿಲ್ಲ. ಪ್ರತಿ ಬಣದ ಹತ್ತಿರವೂ ನಿಮ್ಮ ಒಳ್ಳೆಯ ಹೆಸರು ಬೇರೆ, ಕೆಟ್ಟ ಹೆಸರು ಬೇರೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಹತ್ತು ಸಲ ಸಹಾಯ ಮಾಡಿ ಒಂದು ಸಲ ಕದ್ದರೆ ಊರಿನವರು ಎರಡನ್ನೂ ನೆನಪಿಟ್ಟುಕೊಳ್ಳುತ್ತಾರೆ. ನಮ್ಮ ಊರುಗಳಲ್ಲೂ ಹಾಗೇ ಅಲ್ವಾ?

ಇದಕ್ಕೆ ಅಂಟಿಕೊಂಡೇ ಇನ್ನೊಂದು ಜಾಣತನ ಇದೆ. ನಿಮ್ಮನ್ನು ಎರಡು ದಿನ ಕೂರಿಸಿದ್ದು ಇದೇ ಇರಬೇಕು. ಆಟದ ನಡುವೆ ನೀವು ವೇಗಸ್ ತಲುಪಿ, ಶುರುವಿನಲ್ಲಿ ನಿಮಗೆ ಗುಂಡು ಹೊಡೆದ ಬೆನ್ನಿಯ ಲೆಕ್ಕ ಮುಗಿಸಿದ ಮೇಲೆ ಎನ್‌ಸಿಆರ್‌ನವರೂ ಲೀಜನ್‌ನವರೂ ಬಂದು, ಹಿಂದಿನದ್ದೆಲ್ಲ ಮಾಫಿ, ಒಮ್ಮೆ ಬಂದು ನಮ್ಮ ಮಾತು ಕೇಳು ಅನ್ನುತ್ತಾರೆ. ಬಾಗಿಲು ಮುಚ್ಚುವ ಮುಂಚೆ ಎಲ್ಲ ಮನೆಯನ್ನೂ ಒಳಗೆ ಹೋಗಿ ನೋಡಲು ಬಿಡುತ್ತಾರೆ. ಬಾಗಿಲು ಮುಚ್ಚುವಾಗ ನಿಮಗೆ ಒಳಗಿದ್ದವರ ಹೆಸರು ಗೊತ್ತಿರುತ್ತದೆ.

ಹಾಗಂತ ನ್ಯೂ ವೇಗಸ್‌ಗೆ ಪೂಜೆ ಮಾಡಬೇಡಿ. ಅಬ್ಸಿಡಿಯನ್ ಕಂಪನಿಯವರಿಗೆ ಅದನ್ನು ಮಾಡಲು ಸಿಕ್ಕಿದ್ದು ಸುಮಾರು 18 ತಿಂಗಳು. ಅದರ ಗುರುತು ಲೀಜನ್ ಮೇಲೆ ಬಿದ್ದಿದೆ. ನದಿಯ ಆಚೆ ಲೀಜನ್ ಆಳುವ ನೆಲ ಗೇಮ್‌ನಲ್ಲಿ ಬರಲೇ ಇಲ್ಲ. ಅಲ್ಲಿ ದಾರಿಗಳಲ್ಲಿ ಕಳ್ಳರ ಕಾಟ ಇಲ್ಲ, ವ್ಯಾಪಾರಿಗಳು ನಿಶ್ಚಿಂತೆಯಿಂದ ಓಡಾಡುತ್ತಾರೆ ಅಂತ ಬಾಯಿಮಾತಲ್ಲಿ ಕೇಳುತ್ತೇವೆ, ಕಣ್ಣಿಗೆ ಬೀಳುವುದು ಶಿಲುಬೆಗಳು ಮಾತ್ರ. ಅಂದರೆ ಖರ್ಚಿನ ಪುಟ ಕಂಡಿತು, ಜಮೆಯ ಪುಟ ಹರಿದುಹೋಯಿತು. ಹಾಗಾಗಿ ಹೆಚ್ಚಿನವರಿಗೆ ಲೀಜನ್ ಸೇರಬೇಕು ಅಂತ ಅನ್ನಿಸುವುದೇ ಇಲ್ಲ. ಹೌಸ್‌ನ ದಾರಿಯಲ್ಲೂ ಒಂದು ಮುಳ್ಳಿದೆ. ಬ್ರದರ್‌ಹುಡ್ ಅನ್ನು ಮುಗಿಸು ಅನ್ನುತ್ತಾನೆ, ರಾಜಿಗೆ ಜಾಗವೇ ಇಲ್ಲ. ಎನ್‌ಸಿಆರ್ ಜೊತೆ ಇದ್ದರೆ ಅದೇ ಬ್ರದರ್‌ಹುಡ್ ಜೊತೆ ಒಪ್ಪಂದ ಮಾಡಿಸಬಹುದು.

ಆದರೂ ಕೊನೆಯ ದೃಶ್ಯಕ್ಕೆ ನಾನು ಇವತ್ತಿಗೂ ಟೋಪಿ ತೆಗೆಯುತ್ತೇನೆ. ಲೀಜನ್‌ನ ದಳಪತಿ ಲೇನಿಯಸ್ ಎದುರು ನಿಂತಿದ್ದಾನೆ. ಬೆಟ್ಟದಂಥ ಆಳು. ಮಾತಿನ ಕೌಶಲ 100 ಇದ್ದರೆ ಅವನನ್ನು ಮಾತಿನಲ್ಲೇ ವಾಪಸ್ ಕಳಿಸಬಹುದು. ಯಾವ ಮಾತಿನಿಂದ? ಧರ್ಮದಿಂದ ಅಲ್ಲ, ಕರುಣೆಯಿಂದ ಅಲ್ಲ. ಪಶ್ಚಿಮವನ್ನು ಗೆದ್ದರೂ ಅಷ್ಟು ದೂರಕ್ಕೆ ಸರಬರಾಜು ಮಾಡಲಾರೆ, ಅದನ್ನು ಹಿಡಿಯಲು ಹೋಗಿ ಪೂರ್ವವನ್ನೂ ಕಳೆದುಕೊಳ್ಳುತ್ತೀಯ ಅನ್ನುವ ಮಾತಿನಿಂದ. ಅಂದರೆ ಅವನ ಲೆಕ್ಕದ ಪುಸ್ತಕವನ್ನೇ ಅವನ ಮುಂದೆ ತೆರೆದು ಹಿಡಿಯುತ್ತೀರಿ.

ಈಗ ನಿಮ್ಮ ಗೇಮ್. ಆ 40 ಪುಟ ಎಸೆಯಬೇಡಿ, ಒಂದು ತಿಂಗಳು ಕಪಾಟಿನಲ್ಲಿಡಿ. ಮೂವರೂ ಕೂತು ಒಂದು ವಸ್ತು ಆರಿಸಿ. ಉಪ್ಪು, ಡೀಸೆಲ್, ಬಿತ್ತನೆ ಬೀಜ, ಯಾವುದಾದರೂ ಸರಿ, ಒಂದೇ ಇರಲಿ. ಅದು ಮೂರು ಬಣಕ್ಕೂ ಬೇಕು, ಮೂವರಿಗೂ ಬೇರೆ ಬೇರೆ ಕಾರಣಕ್ಕೆ ಬೇಕು. ಆಮೇಲೆ ಒಂದು ಊರು ಬರೆಯಿರಿ. ಅಲ್ಲಿ ಯಾವ ಬಣದವನೂ ಇರಬಾರದು, ಆದರೆ ಮೂರು ಬಣದ ಗುರುತೂ ಇರಬೇಕು: ಒಂದು ಬಾಕಿ ಚೀಟಿ, ಕಿತ್ತುಹಾಕಿದ ಒಂದು ಪೈಪು, ಬೀಗ ಹಾಕಿದ ಒಂದು ಉಗ್ರಾಣ. ಆಟಗಾರ ಅದನ್ನೆಲ್ಲ ನೋಡಿದ ಮೇಲೆ ಮಾತ್ರ ಮೊದಲ ಬಣದ ನಾಯಕನನ್ನು ಭೇಟಿ ಮಾಡಿಸಿ. ಅವನ ಬಾಯಲ್ಲಿ ನಿಮ್ಮ ಸಿದ್ಧಾಂತ ಹೇಳಿಸಿ, ಎಷ್ಟು ಬೇಕಾದರೂ. ಆಗ ಆಟಗಾರ ಅದನ್ನು ಕೇಳುತ್ತಲೇ ಮನಸ್ಸಿನಲ್ಲಿ ಆ ಬಾಕಿ ಚೀಟಿಯ ಜೊತೆ ತಾಳೆ ಹಾಕುತ್ತಿರುತ್ತಾನೆ.

ಇನ್ನೊಂದು ಸಣ್ಣ ಉಪಾಯ, ಖರ್ಚಿಲ್ಲದ್ದು. ಲೀಜನ್‌ನವರು ತಮ್ಮ ನಾಯಕನನ್ನು ‘ಕೈಸರ್’ ಅನ್ನುತ್ತಾರೆ, ಹೊರಗಿನವರು ‘ಸೀಸರ್’ ಅನ್ನುತ್ತಾರೆ. ಬಾಯಿ ತೆರೆದರೆ ಸಾಕು, ಮನುಷ್ಯ ಯಾವ ಕಡೆಯವನು ಅಂತ ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆಯುತ್ತಿದ್ದರೆ ನಿಮಗೆ ಇದು ಇನ್ನೂ ಸುಲಭ. ಒಂದೇ ಕಾಲುವೆಯನ್ನು ಒಂದು ಬಣ ನಾಲೆ ಅನ್ನಲಿ, ಇನ್ನೊಂದು ಕೆನಾಲ್ ಅನ್ನಲಿ. ಮೊದಲ ಊರು ಬರೆದಾದ ಮೇಲೆ ಅದೊಂದನ್ನೇ ಯಾರಿಗಾದರೂ ಆಡಲು ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ನೋಡಿ. ಅವರು ಹೆಡ್‌ಫೋನ್ ತೆಗೆದು ಏನು ಕೇಳಿದರು ಅಂತ ನನಗೂ ಬರೆಯಿರಿ.